ಹಿಂದೆ ನಿಂತು ಕೇಳುವವನು

ಎದೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದ ಡಾಕ್ಟರು ಎಡಗಡೆಯ ಶ್ವಾಸಕೋಶದಲ್ಲಿ ಅಡಿಕೆ ಗಾತ್ರದ ತೂತು ಬಿದ್ದಿರುವುದನ್ನು ತೋರಿಸಿದರು. ಆಗ ನಾನು ಕೇಳಿದ ಮೊದಲ ಪ್ರಶ್ನೆ, "ರಂಜಾನ್ ಹೊತ್ತಿಗೆ ವಾಸಿ ಆಗುತ್ತಾ ಡಾಕ್ಟ್ರೇ?" ಎಂಬುದು. ಅವರು ಎಕ್ಸ್‌ರೇ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಯಾವ ವರ್ಷದ ರಂಜಾನ್ ಅಂತ ಹೇಳಿ ಸಾಬ್ರೇ, ಆಮೇಲೆ ಹೇಳ್ತೀನಿ" ಎಂದರು.

ಅದು ಐವತ್ತರ ದಶಕದ ಕೊನೆ. ಟೀಬಿಗೆ ಔಷಧಿ ಬಂದಿತ್ತು, ಆದರೆ ಆ ಸುದ್ದಿ ಜನರ ಹೆದರಿಕೆಯ ತನಕ ಇನ್ನೂ ತಲುಪಿರಲಿಲ್ಲ. ನಾನು ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಅಂಗಡಿಯಲ್ಲಿ ಬಟ್ಟೆ ಅಳೆದು ಹರಿದು ಕೊಡುತ್ತಿದ್ದೆ. ಅದು ಹೊಟ್ಟೆಪಾಡು. ನನ್ನದೆಂದು ನಾನು ಭಾವಿಸಿದ್ದ ಕೆಲಸ ವರ್ಷಕ್ಕೊಂದು ತಿಂಗಳದ್ದು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ.

ಕುರಾನನ್ನು ಪೂರ್ತಿ ಬಾಯಿಪಾಠ ಮಾಡಿದವರನ್ನು ನಮ್ಮಲ್ಲಿ ಹಾಫಿಜ್ ಎನ್ನುತ್ತಾರೆ. ರಂಜಾನ್ ತಿಂಗಳ ರಾತ್ರಿಯ ನಮಾಜಿನಲ್ಲಿ ಅಂಥವರೊಬ್ಬರು ಮುಂದೆ ನಿಂತು, ಪುಸ್ತಕ ನೋಡದೆ, ದಿನಕ್ಕಿಷ್ಟು ಎಂದು ಓದುತ್ತ ತಿಂಗಳೊಳಗೆ ಇಡೀ ಕುರಾನ್ ಮುಗಿಸುತ್ತಾರೆ. ಓದುವವರೂ ಮನುಷ್ಯರೇ. ಎಲ್ಲೋ ನೆನಪು ತಡೆಯುತ್ತದೆ, ಎಲ್ಲೋ ಒಂದು ಸಾಲು ಬಿಟ್ಟುಹೋಗುತ್ತದೆ. ಅದಕ್ಕೆಂದೇ ಅವರ ಬೆನ್ನ ಹಿಂದೆ ಮೊದಲ ಸಾಲಿನಲ್ಲಿ ಇನ್ನೊಬ್ಬ ಹಾಫಿಜ್ ನಿಲ್ಲುತ್ತಾನೆ. ಅವನು ಸಾಮೇ, ಅಂದರೆ ಕೇಳುವವನು. ಮುಂದಿನವರು ತಡೆದ ಕೂಡಲೇ ಅವನು ಆ ಮಾತನ್ನು ಎತ್ತಿ ಕೊಡಬೇಕು. ಹಾಗೆ ಕೊಡುವುದನ್ನು ನಾವು ಲುಕ್ಮಾ ಎನ್ನುತ್ತೇವೆ, ತುತ್ತು ಎಂದರ್ಥ. ನಾನೂ ಹಾಫಿಜನೇ, ಆದರೆ ನನ್ನ ಗಂಟಲು ಸೈಕಲ್ ಪಂಪಿಗಿಂತ ಹೆಚ್ಚು ಇಂಪಾದದ್ದಲ್ಲ. ಹಾಗಾಗಿ ನಾನು ಕೇಳುವವನಾದೆ.

ಓದುವವನು ಯೂಸುಫ್. ಇಬ್ಬರೂ ಒಂದೇ ಮದರಸಾದಲ್ಲಿ ಒಂದೇ ಚಾಪೆಯ ಮೇಲೆ ಕೂತು ಕಲಿತವರು. ಅವನು ದೊಡ್ಡವನಾಗಿ ಭದ್ರಾವತಿಯ ಕಾರ್ಖಾನೆಯ ಹ್ಯಾಮರ್ ಶಾಪಿಗೆ ಸೇರಿದ. ಹಗಲೆಲ್ಲ ಕಾದ ಕಬ್ಬಿಣಕ್ಕೆ ಸುತ್ತಿಗೆ ಬೀಳುವ ಜಾಗದಲ್ಲಿ ನಿಂತಿದ್ದು, ರಂಜಾನ್ ಬಂತೆಂದರೆ ಸಂಜೆಯ ರೈಲು ಹತ್ತಿ ನಮ್ಮ ಮಸೀದಿಗೆ ಬಂದು ಓದುತ್ತಿದ್ದ. ಅವನು ಓದುವಾಗ ಹೊರಗೆ ಟಾಂಗಾದವರು ಕುದುರೆ ನಿಲ್ಲಿಸಿಕೊಂಡು ಕೇಳುತ್ತಿದ್ದರು. ಅವನ ಉಸಿರು ಎಲ್ಲಿ ಕಡಿಮೆಯಾಗುತ್ತದೆ, ಯಾವ ಆಯತ್‌ಗೆ, ಅಂದರೆ ಕುರಾನಿನ ಯಾವ ವಾಕ್ಯಕ್ಕೆ ಮುಂಚೆ ಅವನಿಗೆ ದಿಗಿಲು ಎಂಬುದೆಲ್ಲ ನನಗೆ ಗೊತ್ತಿತ್ತು. ಅವನು ತಡವರಿಸುವ ಮೊದಲೇ ತುತ್ತು ನನ್ನ ಬಾಯಲ್ಲಿ ಸಿದ್ಧವಾಗಿರುತ್ತಿತ್ತು. ಅವನನ್ನು ಹೊಗಳಿದವರು ನೂರಾರು ಮಂದಿ. ನನ್ನನ್ನು ಯಾರೂ ಹೊಗಳಲಿಲ್ಲ, ನನಗೆ ಅದು ಬೇಕಾಗಿಯೂ ಇರಲಿಲ್ಲ. ಆ ಒಂದು ತಿಂಗಳು ನಾನು ಹುಟ್ಟಿದ್ದು ಯಾಕೆಂದು ನನಗೆ ಸ್ಪಷ್ಟವಾಗಿ ಗೊತ್ತಿರುತ್ತಿತ್ತು.

ಕಾಯಿಲೆಯ ಸುದ್ದಿ ಮನೆಗೆ ಬಂದ ದಿನ ಅಮ್ಮ ನನ್ನ ತಟ್ಟೆ, ಲೋಟ, ಚೊಂಬು ಮೂರನ್ನೂ ಬೇರೆ ಗೂಡಿನಲ್ಲಿಟ್ಟಳು. ಆಮೇಲೆ ಆ ಗೂಡಿನ ಮುಂದೆಯೇ ಕೂತು ಅತ್ತಳು. ನನ್ನ ಹಾಸಿಗೆ ಜಗಲಿಗೆ ಬಂತು. ನನ್ನ ಹೆಂಡತಿ ಜೈನಬ್ ಮಾತ್ರ ಹೊಸ್ತಿಲ ಈಚೆ ಕೂತು ಅಕ್ಕಿ ಆರಿಸುತ್ತ, ಬೀದಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಅವಳು ಹೇಳುವುದನ್ನು ನಾನು ಅಷ್ಟು ಗಮನವಿಟ್ಟು ಕೇಳಿದ್ದು ಆಗಲೇ. ಮಗಳು ನೂರ್ ಬಾಗಿಲಲ್ಲೇ ನಿಂತು ಪಾಠ ಒಪ್ಪಿಸುತ್ತಿದ್ದಳು. ತಪ್ಪಿದರೆ ನಾನು ಹಾಸಿಗೆಯಿಂದಲೇ ತುತ್ತು ಕೊಡುತ್ತಿದ್ದೆ. ಮನೆಯಲ್ಲಿ ನಾವಾಡುವುದು ದಖ್ನಿ ಉರ್ದು, ಅದನ್ನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಟೀಬಿ ವಿಭಾಗದ ಮುಂದೆ ಉದ್ದನೆಯ ಬೆಂಚೊಂದಿತ್ತು. ಹೊರಗೆಲ್ಲ ನಾನು ಕೆಮ್ಮಿದರೆ ಜನ ಸರಿದು ಕೂರುತ್ತಿದ್ದರು. ಅಲ್ಲಿ ಯಾರೂ ಸರಿಯುತ್ತಿರಲಿಲ್ಲ. ಸರಿದು ಹೋಗುವುದಾದರೂ ಎಲ್ಲಿಗೆ, ಆ ಕಡೆ ಕೂತವನೂ ಕೆಮ್ಮುತ್ತಿದ್ದ. ಗಂಡನನ್ನು ಕರೆದುಕೊಂಡು ಬರುತ್ತಿದ್ದ ಗಂಗಮ್ಮನೆಂಬ ಹೆಂಗಸು ನನಗೆ ಜಾಗ ಹಿಡಿದಿಡುತ್ತಿದ್ದಳು. "ಬನ್ನಿ ಸಾಬ್ರೇ, ಕೂತ್ಕಳಿ. ಇಲ್ಲಿ ಮಡಿ ಮೈಲಿಗೆ ಏನೂ ಇಲ್ಲ, ಎಲ್ರಿಗೂ ಒಂದೇ ಸೂಜಿ" ಎಂದು ನಗುತ್ತಿದ್ದಳು. ಕುಡಿಯಲು ಕೊಡುತ್ತಿದ್ದ ಪುಡಿ ಬಾಯಿಗಿಟ್ಟರೆ ವಾಂತಿ ಬರುವಂತಿತ್ತು. ಅದನ್ನು ನುಂಗಲು ಬೆಲ್ಲದ ಚೂರನ್ನು ಸೆರಗಿನಿಂದ ಬಿಚ್ಚಿ ಕೊಟ್ಟವಳೂ ಅವಳೇ. ಆ ಬೆಲ್ಲದ ಋಣ ದೊಡ್ಡದು.

ಇಂಜೆಕ್ಷನ್ ಶುರುವಾದ ಮೇಲೆ ಜ್ವರ ಇಳಿಯಿತು, ಹಸಿವು ಬಂತು. ಅಮ್ಮನ ಮುಖ ಸ್ವಲ್ಪ ಅರಳಿತು. ಅಷ್ಟರಲ್ಲಿ ಕಿವಿಯೊಳಗೆ ಜೀರುಂಡೆ ಕೂಗತೊಡಗಿತು. ಮೊದಮೊದಲು ಮಲಗಿದಾಗ ಮಾತ್ರ, ಆಮೇಲೆ ಹಗಲೂ. ಮನೆಯ ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದೆ, ಟಿಕ್ ಟಿಕ್ ಎನ್ನುವುದು ಪಕ್ಕದ ಮನೆಯಲ್ಲಿದ್ದಂತೆ ಕೇಳಿಸಿತು. ನಡೆಯುವಾಗ ನೆಲವೂ ಸ್ವಲ್ಪ ಓಲಾಡುತ್ತಿತ್ತು.

ಡಾಕ್ಟರಿಗೆ ಹೇಳಿದೆ, ಕಿವಿ ನನಗೆ ಯಾತಕ್ಕೆ ಬೇಕೆಂಬುದನ್ನೂ ಹೇಳಿದೆ. ಡಾಕ್ಟರ್ ಕೇಶವಮೂರ್ತಿಗಳು ರೋಗಿಯನ್ನು ಹೊರಗೆ ಕೂರಿಸಿ ಮನೆ ಹಿರಿಯರ ಹತ್ತಿರ ಗುಟ್ಟಾಗಿ ಮಾತಾಡುವವರಲ್ಲ. ಆ ಕಾಲದಲ್ಲಿ ಅದು ಅಪರೂಪ. ನನ್ನ ಭಾವಮೈದುನ ಕಣ್ಸನ್ನೆ ಮಾಡಿ ಹೊರಗೆ ಕರೆದರೂ ಅವರು ಏಳಲಿಲ್ಲ.

"ಈ ಇಂಜೆಕ್ಷನ್ನು ಕೆಲವರ ಕಿವಿ ತಿನ್ನುತ್ತೆ ಸಾಬ್ರೇ. ಈಗಲೇ ನಿಲ್ಲಿಸಿದ್ರೆ ಕಿವಿ ಉಳೀಬಹುದು. ಬರೀ ಮಾತ್ರೆ, ಪುಡಿ ಕೊಡ್ತೀನಿ. ಆದ್ರೆ ತೂತು ಇನ್ನೂ ಮುಚ್ಚಿಲ್ಲ. ಅವೆರಡರಲ್ಲೇ ಮುಚ್ಚುತ್ತೆ ಅಂತ ನಾನು ಮಾತು ಕೊಡಕ್ಕಾಗಲ್ಲ."

"ನಿಲ್ಲಿಸದಿದ್ರೆ?"

"ಜೀವ ಉಳಿಯೋ ಸಂಭವ ಜಾಸ್ತಿ. ಕಿವಿ ಪೂರ್ತಿ ಹೋಗಬಹುದು."

"ನೀವು ನನ್ನ ಜಾಗದಲ್ಲಿದ್ರೆ ಏನು ಮಾಡ್ತಿದ್ರಿ ಡಾಕ್ಟ್ರೇ?"

"ನಾನು ಸೂಜಿ ಚುಚ್ಚಿಸ್ಕೋತಿದ್ದೆ. ಆದ್ರೆ ನನ್ನ ಕಿವಿ ಎದೆ ಬಡಿತ ಕೇಳೋಕೆ. ನಿಮ್ಮದು ಯಾತಕ್ಕೆ ಅಂತ ನೀವು ಹೇಳಿದ್ದೀರಿ. ಯೋಚನೆ ಮಾಡಿ ಬನ್ನಿ" ಎಂದರು. ಎಷ್ಟೋ ಡಾಕ್ಟರುಗಳನ್ನು ಆಮೇಲೆ ನೋಡಿದ್ದೇನೆ, ಒಬ್ಬ ಬಟ್ಟೆ ಅಂಗಡಿಯವನ ಬದುಕಿನಲ್ಲಿ ಅಂಥದ್ದೂ ಒಂದಿರಬಹುದು ಎಂದು ಒಪ್ಪಿದವರು ಕಡಿಮೆ.

ಮನೆಯಲ್ಲಿ ಎಲ್ಲರದೂ ಒಂದೇ ಮಾತು, ಜೀವ ಮೊದಲು. ಜೀವ ದೇವರು ಕಾಪಾಡಿಕೊಳ್ಳೆಂದು ಕೊಟ್ಟದ್ದು, ಅದನ್ನು ಚೆಲ್ಲುವ ಹಕ್ಕು ನಿನಗಿಲ್ಲ ಎಂದು ಮೌಲ್ವಿ ಸಾಹೇಬರೂ ಹೇಳಿ ಕಳಿಸಿದರು. ಸರಿಯಾದ ಮಾತೇ. ಆದರೆ ರಂಜಾನಿನಲ್ಲಿ ಕಲ್ಲಿನ ಹಾಗೆ ನಿಂತಿರುವ ನನ್ನನ್ನು ನಾನು ಕಲ್ಪಿಸಿಕೊಂಡಾಗ ಎರಡು ಶ್ವಾಸಕೋಶ ಇಟ್ಟುಕೊಂಡು ಮಾಡುವುದೇನು ಎನಿಸುತ್ತಿತ್ತು. ಬದುಕಿರುವುದು, ಸುಖವಾಗಿರುವುದು, ಬದುಕಿದ್ದಕ್ಕೆ ಒಂದು ಅರ್ಥ ಇರುವುದು, ಈ ಮೂರೂ ಒಂದೇ ತಾನಿನ ಬಟ್ಟೆ ಎಂದುಕೊಂಡಿದ್ದೆ. ಬೇರೆ ಬೇರೆ ಎಂದು ಆಗ ಗೊತ್ತಾಯಿತು. ಯಾವುದನ್ನು ಎಲ್ಲಿ ಹರಿಯಬೇಕೆಂದು ಮಾತ್ರ ತಿಳಿಯಲಿಲ್ಲ.

ಜೈನಬಳನ್ನು ಕೇಳಿದೆ. ಅವಳು ಮೊರದಲ್ಲಿದ್ದ ಅಕ್ಕಿಯಿಂದ ಕಣ್ಣೆತ್ತಲಿಲ್ಲ. "ನಾನು ಹೇಳಲ್ಲ. ಸೂಜಿ ತಗೊಳ್ಳಿ ಅಂದ್ರೆ ನಿಮ್ಮ ಕಿವಿ ಕಳೆದವಳು ನಾನಾಗ್ತೀನಿ. ಬೇಡ ಅಂದ್ರೆ..." ಎಂದವಳು ಅಲ್ಲಿಗೆ ನಿಲ್ಲಿಸಿದಳು. ಮೂಗೊರೆಸಿಕೊಂಡು, "ಹೆಂಡತಿ ಮಾತು ಕೇಳಿಸದೇ ಇರೋದು ನಿಮಗೇನು ಹೊಸದಲ್ಲ ಬಿಡಿ" ಎಂದಳು. ಇಬ್ಬರೂ ನಕ್ಕೆವು, ನಗುತ್ತಲೇ ಅವಳು ಎದ್ದು ಒಳಗೆ ಹೋದಳು.

ಕೊನೆಗೆ ರೈಲು ಹತ್ತಿ ಭದ್ರಾವತಿಗೆ ಹೋದೆ. ಸೂಜಿ ಬಿಡುವುದೆಂದು ಅಷ್ಟು ಹೊತ್ತಿಗೆ ಹೆಚ್ಚುಕಡಿಮೆ ತೀರ್ಮಾನಿಸಿದ್ದೆ, ಯೂಸುಫ್ ಹೂಂ ಎಂದರೆ ಸಾಕಿತ್ತು. ನಾನಿಲ್ಲದಿದ್ದರೆ ಅವನಿಗೇ ಕಷ್ಟ ಎಂಬ ಜಂಬವೂ ಒಳಗಿತ್ತು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಅವನ ಮನೆ. ಶಿಫ್ಟ್ ಮುಗಿಸಿ ಆಗತಾನೆ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿ, ಚೊಂಬು ಕೆಳಗಿಟ್ಟ.

"ರಹೀಂ, ಒಂದು ಮಾತು ಹೇಳ್ತೀನಿ, ಸಿಟ್ಟಾಗ್ಬೇಡ" ಎಂದ. ಹ್ಯಾಮರ್ ಶಾಪಿನವರೆಲ್ಲರ ಹಾಗೆ ಅವನದೂ ಯಾವಾಗಲೂ ದೊಡ್ಡ ದನಿ. "ನನ್ನ ಕಿವಿ ಹೋಗಿ ಯಾವ ಕಾಲ ಆಯ್ತು. ಆ ಸುತ್ತಿಗೆ ಸದ್ದಿನಲ್ಲಿ ಯಾರ ಕಿವಿ ಉಳಿಯುತ್ತೆ? ಎದುರಿಗೆ ಕೂತು ಮಾತಾಡಿದ್ರೆ ಮುಖ ನೋಡಿ ಹೇಗೋ ತಿಳ್ಕೋತೀನಿ. ಬೆನ್ನ ಹಿಂದೆ ನಿಂತು ನೀನು ಕೊಟ್ಟ ಲುಕ್ಮಾ ಎಷ್ಟೋ ವರ್ಷದಿಂದ ಒಂದೂ ಕೇಳಿಸಿಲ್ಲ."

"ಮತ್ತೆ ಮುಂದಿನದ್ದು ಹೇಗೆ ಓದ್ತಿದ್ದೆ?"

"ನೀನು ಹಿಂದೆ ನಿಂತಿದ್ದೀಯ ಅಂತ ಗೊತ್ತಿರ್ತಿತ್ತಲ್ಲ ಮಾರಾಯ. ಎದೆ ಗಟ್ಟಿ ಆಗ್ತಿತ್ತು. ಮರೆತದ್ದು ತಾನಾಗೇ ಬರ್ತಿತ್ತು. ನನಗೆ ನಿನ್ನ ಕಿವಿ ಬೇಕಾಗೇ ಇರಲಿಲ್ಲ. ನೀನು ನಿಂತಿದ್ರೆ ಸಾಕು. ಸತ್ತವನು ನಿಲ್ಲಕ್ಕಾಗಲ್ಲ, ಹೋಗಿ ಸೂಜಿ ತಗೋ."

ನನಗೆ ಬಂದ ಸಿಟ್ಟು ಹೇಳತೀರದು. ಇಷ್ಟು ವರ್ಷ ಕೈತುತ್ತು ಕೊಟ್ಟೆನೆಂದುಕೊಂಡಿದ್ದೆ, ಎಲ್ಲವೂ ಗಾಳಿಗೆ ಹೋಗಿತ್ತಲ್ಲ! ಅವನ ಮನೆಯ ಚಹಾ ಕೂಡ ಕುಡಿಯದೆ ಸ್ಟೇಷನ್ನಿಗೆ ಬಂದೆ. ರೈಲಿನಲ್ಲಿ ಕೂತ ಮೇಲೆ ಸಿಟ್ಟು ಮೆಲ್ಲಗೆ ಇಳಿಯಿತು. ಕಿವಿಯಿಲ್ಲದವನೊಬ್ಬ ಅಷ್ಟು ಚೆನ್ನಾಗಿ ಓದಬಹುದಾದರೆ ಕಿವಿಯಿಲ್ಲದ ಇನ್ನೊಬ್ಬ ಹಿಂದೆ ನಿಲ್ಲಲೂಬಹುದು ಎನಿಸಿತು. ಮಾರನೇ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಸೂಜಿಗೆ ಅಂಗಿಯ ತೋಳು ಮಡಿಸಿ ನಿಂತೆ.

ಕಿವಿ ಒಂದೇ ದಿನ ಹೋಗಲಿಲ್ಲ. ಮೊದಲು ಹಕ್ಕಿಗಳು ಹೋದವು, ಆಮೇಲೆ ಮಕ್ಕಳ ದನಿ, ಆಮೇಲೆ ಹೆಂಗಸರದ್ದು, ಕೊನೆಗೆ ಮಾರ್ಕೆಟ್ಟಿನ ಗದ್ದಲ. ಗಾಂಧಿ ಬಜಾರಿನಲ್ಲಿ ಅಂಗಡಿಗಳ ಗೋಡೆ ಹಿಡಿದುಕೊಂಡು ಓಲಾಡುತ್ತ ನಡೆಯುತ್ತಿದ್ದೆ. ಗಡ್ಡ ಬಿಟ್ಟ ಹಾಫಿಜ್ ಸಾಬರು ಹಾಡಹಗಲೇ ಕುಡಿದಿದ್ದಾರೆಂದು ಹೊಸಬರು ಕಣ್ಣರಳಿಸುತ್ತಿದ್ದರು. ಅದಕ್ಕೆ ನಗು ಬರುತ್ತಿತ್ತು. ನಗು ಬಾರದ ಒಂದು ಸಂಗತಿಯೂ ಇತ್ತು. ಇಡೀ ಕುರಾನನ್ನು ಒಂದಕ್ಷರ ಬಿಡದೆ ನೆನಪಿಟ್ಟುಕೊಂಡ ನನಗೆ ಜೈನಬಳ ದನಿಯನ್ನು ನೆನಪಿಟ್ಟುಕೊಳ್ಳಲಾಗಲಿಲ್ಲ. ಎಷ್ಟು ಪ್ರಯತ್ನಿಸಿದರೂ ಅದು ಬರುವುದಿಲ್ಲ. ಅದಕ್ಕಾಗಿ ಒಬ್ಬನೇ ಕೂತು ಅತ್ತಿದ್ದೇನೆ.

ಮಾತು ಕೇಳಿಸದ ಮನೆಯಲ್ಲಿ ಮಾತಾಡುವುದು ಹೇಗೆಂದು ನಮಗೆ ಕಲಿಸಿದವನು ಯೂಸುಫ್. ಹ್ಯಾಮರ್ ಶಾಪಿನಲ್ಲಿ ಕೂಗಿದರೂ ಕೇಳಿಸದಿರುವುದರಿಂದ ಅಲ್ಲಿಯವರು ತುಟಿ ಅಗಲಿಸಿ, ಕೈಸನ್ನೆ ಸೇರಿಸಿ ಮಾತಾಡಿಕೊಳ್ಳುತ್ತಾರೆ. ತಮಿಳಿನವರು, ತೆಲುಗಿನವರು, ನಮ್ಮವರು ಎಲ್ಲರಿಗೂ ಅದೊಂದೇ ಭಾಷೆ. ಅವನು ರಜೆಯ ದಿನಗಳಲ್ಲಿ ಬಂದು ನನ್ನೆದುರು ಕೂತು, ಬಾಗಿಲ ಮರೆಯಲ್ಲಿದ್ದ ಜೈನಬಳಿಗೂ ತಿಳಿಯುವಂತೆ, ನೀರು, ಊಟ, ನೋವು, ಸಾಕು ಎಂದು ಒಂದೊಂದಾಗಿ ಹೇಳಿಕೊಟ್ಟ. ನೂರ್ ಎಲ್ಲರಿಗಿಂತ ಬೇಗ ಕಲಿತಳು. ಕೆಲವೇ ದಿನಗಳಲ್ಲಿ ಅವಳು ಕೈಸನ್ನೆಯಲ್ಲೇ ನನ್ನ ಜೊತೆ ಜಗಳವಾಡುತ್ತಿದ್ದಳು.

ಹೊಸ ಎಕ್ಸ್‌ರೇ ಬಂದ ದಿನ ಡಾಕ್ಟರು ಅದನ್ನು ಕಿಟಕಿಗೆ ಹಿಡಿದು, ಬೆರಳಿನಿಂದ ಎಡಗಡೆ ತೋರಿಸಿ, ಆ ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡರು. ತೂತು ಮುಚ್ಚಿತ್ತು. ಆಮೇಲೆ ಅವರು ತಮ್ಮ ಕಿವಿ ಮುಟ್ಟಿಕೊಂಡು ನನಗೆ ಕೈ ಮುಗಿದರು. ಅಷ್ಟು ದೊಡ್ಡ ಮನುಷ್ಯ ಹಾಗೆ ಮಾಡಿದ್ದನ್ನು ನಾನು ಮರೆಯಲಾರೆ.

ರಂಜಾನ್ ಬಂತು. ಮಸೀದಿಗೆ ಹೋಗಿ ನೋಡುತ್ತೇನೆ, ಮುಂದೆ ನಿಂತವರು ಬೇರೆ ಯಾರೋ. ಯೂಸುಫ್ ಬಂದೇ ಇಲ್ಲ. ಗಂಟಲು ಕೆಟ್ಟಿದೆಯಂತೆ ಎಂದು ಜನ ಕತ್ತು ಮುಟ್ಟಿ ತೋರಿಸಿದರು. ಇಡೀ ತಿಂಗಳು ಅವನು ಬರಲಿಲ್ಲ. ನನಗೆ ಹೆದರಿಕೆಯಾಯಿತು. ಕೆಮ್ಮಿದ ನನ್ನ ಪಕ್ಕದಲ್ಲಿ ಎಷ್ಟೋ ಸಲ ಕೂತವನು ಅವನು. ಹಬ್ಬ ಕಳೆದ ಕೂಡಲೇ ಭದ್ರಾವತಿಗೆ ಹೋದೆ.

ಅವನು ಗುಂಡುಕಲ್ಲಿನ ಹಾಗಿದ್ದ. ಹಜಾರದಲ್ಲಿ ನನ್ನೆದುರು ಚಾಪೆಯ ಮೇಲೆ ಕೂತು, ಗಂಟಲು ಈಗ ಪರವಾಗಿಲ್ಲ ಎಂದು ತುಟಿ ಅಗಲಿಸಿ ಹೇಳುತ್ತಿದ್ದ. ಅವನ ಬೆನ್ನಿಗೆ ಒಳಮನೆಯ ಪರದೆ. ನಮ್ಮ ಮನೆಗಳಲ್ಲಿ ಹೆಂಗಸರು ಹೊರಗಿನ ಗಂಡಸರ ಮುಂದೆ ಬರುವುದಿಲ್ಲ. ಚಹಾ ಆಯಿತೆಂದರೆ ಪರದೆಯ ಹಿಂದೆ ನಿಂತು ಮೆಲ್ಲಗೆ ಬಳೆ ಅಲುಗಿಸುತ್ತಾರೆ, ಗಂಡ ಎದ್ದುಹೋಗಿ ತರುತ್ತಾನೆ. ನಾನು ನೋಡುತ್ತಿದ್ದ ಹಾಗೆಯೇ ಪರದೆಯ ಅಂಚಿನಲ್ಲಿ ಒಂದು ಕೈ ಕಾಣಿಸಿತು. ಮಣಿಕಟ್ಟು ಒಂದಿಷ್ಟೇ ಅಲುಗಿತು. ಮಾತಿನ ಮಧ್ಯದಲ್ಲಿದ್ದ ಯೂಸುಫ್ ಮಾತು ನಿಲ್ಲಿಸಿ, ತಿರುಗಿ, ಎದ್ದುಹೋಗಿ ಎರಡು ಲೋಟ ಚಹಾ ತಂದ.

ತಂದವನು ನನ್ನ ಮುಖ ನೋಡಿದ. ಲೋಟ ಹಿಡಿದುಕೊಂಡೇ ನಿಂತುಬಿಟ್ಟ.

"ನಿನಗೆ ಕಿವಿ ಕೇಳಿಸುತ್ತೆ" ಎಂದೆ. ನನ್ನ ದನಿ ಎಷ್ಟು ಜೋರಾಗಿತ್ತೋ ನನಗೆ ಗೊತ್ತಿಲ್ಲ, ಪರದೆಯ ಹಿಂದಿನ ಕೈ ಮಾಯವಾಯಿತು.

ಅವನು ಕೂತ. ನಿಧಾನವಾಗಿ, ನನಗೆ ಒಂದು ಮಾತೂ ತಪ್ಪದ ಹಾಗೆ ಹೇಳಿದ. "ನೀನು ಕೊಟ್ಟ ಒಂದೊಂದು ತುತ್ತೂ ಕೇಳಿಸಿದೆ ರಹೀಂ. ಯಾವ ವರ್ಷ ಯಾವ ಆಯತ್ ಅಂತ ಬೇಕಾದ್ರೆ ಹೇಳ್ತೀನಿ. ತಿಂದು, ತಿಂದಿಲ್ಲ ಅಂದೆ."

"ಗಂಟಲು?"

"ಗಂಟಲಿಗೆ ಏನೂ ಆಗಿಲ್ಲ. ಮೌಲ್ವಿ ಸಾಹೇಬ್ರನ್ನ ಕೇಳಿದೆ. ಜೀವ ಉಳಿಸೋಕೆ ಹೇಳಿದ ಸುಳ್ಳು, ಪಾಪ ಅಲ್ಲ ಅಂದ್ರು. ಅವರು ಹೇಳಿದ್ದು ಸರೀನೇ ಇರಬಹುದು. ಆದ್ರೆ ಆ ಸುಳ್ಳು ಹೇಳಿದ ನಾಲಿಗೆಯಿಂದ ಕುರಾನ್ ಓದೋಕೆ ನನಗೆ ಮನಸ್ಸು ಬರಲಿಲ್ಲ."

"ಇವತ್ತು ಮತ್ತೆ ಅದೇ ಪರಿಸ್ಥಿತಿ ಬಂದ್ರೆ?"

"ಮತ್ತೆ ಸುಳ್ಳು ಹೇಳ್ತೀನಿ."

"ಮತ್ತೆ ಓದೋದು ಬಿಡ್ತೀಯ?"

"ಬಿಡ್ತೀನಿ."

ಅವನ ಎದುರು ಕೂತು ನಾನು ತಲೆ ತಗ್ಗಿಸಿದೆ. ನನ್ನ ಬದುಕಿನ ಅರ್ಥ ಹೋಯಿತೆಂದು ಊರೆಲ್ಲ ಗೋಳಾಡಿದವನು ನಾನು. ಇವನು ತನ್ನ ಬದುಕಿನ ಅರ್ಥವನ್ನು ನನ್ನ ಜೀವದ ಪಕ್ಕದಲ್ಲಿಟ್ಟು ತೂಗಿ, ಅದನ್ನು ಕೆಳಗಿಟ್ಟು ಬಂದಿದ್ದ. ತಾನು ಮಾಡಿದ್ದು ಒಳ್ಳೆಯದೆಂದು ಹೇಳಿಕೊಳ್ಳುವ ಸುಖವನ್ನೂ ತೆಗೆದುಕೊಂಡಿರಲಿಲ್ಲ. ಕಾಯಿಲೆಯಲ್ಲಿ ನಾನು ಕಂಡ ಒಳ್ಳೆಯವರು ಹಲವರು, ಇಷ್ಟು ಎತ್ತರದ ಇನ್ನೊಬ್ಬ ಮನುಷ್ಯನನ್ನು ಕಾಣಲಿಲ್ಲ. ಹಾಗೆಂದು ಹೇಳಲು ಬಾಯಿ ಬರಲಿಲ್ಲ. ಬಂದದ್ದು ಬೈಗುಳ.

"ನನ್ನ ಕಿವಿ ಹೋಯ್ತು, ನಿನ್ನ ಬಾಯಿ ಹೋಯ್ತು. ಇಬ್ಬರೂ ಸೇರಿ ಮಸೀದೀನ ಖಾಲಿ ಮಾಡಿದ್ವಲ್ಲೋ! ಕಿವಿ ಅಂತೂ ವಾಪಸ್ ಬರಲ್ಲ. ಬಾಯಿ ನಿನ್ನ ಕೈಲಿದೆ. ಅದನ್ನೂ ಮುಚ್ಚಿಕೊಂಡು ಕೂತ್ರೆ ನಾನು ಬದುಕಿದ್ದು ಯಾರ ಹಿಂದೆ ನಿಲ್ಲೋಕೆ?"

ಅವನು ಒಂದು ಲೋಟವನ್ನು ನನ್ನತ್ತ ಸರಿಸಿದ. ಚಹಾ ಆರಿ ಹೋಗಿತ್ತು, ಇಬ್ಬರೂ ಹಾಗೇ ಕುಡಿದೆವು.

ಮುಂದಿನ ರಂಜಾನಿಗೆ ಅವನು ಬಂದ. ಅವನ ಬೆನ್ನ ಹಿಂದೆ ಹೊಸ ಹಾಫಿಜ್ ಒಬ್ಬರನ್ನು ನಿಲ್ಲಿಸಿದ್ದರು. ನನಗೆ ಮೊದಲ ಸಾಲಿನ ತುದಿಯಲ್ಲಿ ಗೋಡೆಯ ಪಕ್ಕದ ಜಾಗ, ಓಲಾಡಿದರೆ ಆಸರೆಯಿರಲೆಂದು. ನನಗೆ ಏನೂ ಕೇಳಿಸುತ್ತಿರಲಿಲ್ಲ. ಅವನ ವೇಗ ಗೊತ್ತಿದ್ದರಿಂದ ಮನಸ್ಸಿನಲ್ಲೇ ಜೊತೆಗೆ ಓದಿಕೊಳ್ಳುತ್ತಿದ್ದೆ. ಅವನು ಬಾಗುವಾಗ ನಾನೂ ಅದೇ ಜಾಗಕ್ಕೆ ಬಂದಿದ್ದರೆ ಖುಷಿಯಾಗುತ್ತಿತ್ತು. ಮೊದಲ ದಿನಗಳಲ್ಲಿ ಬಹಳ ತಪ್ಪುತ್ತಿತ್ತು, ಆಮೇಲೆ ಹತ್ತಿರವಾಗುತ್ತ ಬಂತು.

ಒಂದು ದಿನ ನಾನು ಮುಗಿಸಿದರೂ ಅವನು ಬಾಗಲಿಲ್ಲ. ಪಕ್ಕದವರ ಕಾಲ್ಬೆರಳುಗಳು ಚಾಪೆಯ ಮೇಲೆ ಬಿಗಿದುಕೊಂಡವು. ಓದು ನಿಂತಿದೆ ಎಂದು ನನಗೆ ತಿಳಿಯಿತು. ಹೊಸಬರು ಯಾಕೆ ಸುಮ್ಮನಿದ್ದಾರೆ? ಯೋಚಿಸಲೂ ಇಲ್ಲ, ಅವನು ತಡೆದಿರಬಹುದಾದ ಜಾಗದ ಆಯತ್ ನನ್ನ ಬಾಯಿಂದ ಹೊರಬಿತ್ತು. ಕಿವುಡನ ದನಿ, ಮಸೀದಿಯ ಮಾಡು ಹಾರುವಷ್ಟು ಜೋರಾಗಿದ್ದಿರಬೇಕು.

ನಮಾಜು ಮುಗಿದಾಗ ಸಾಲೆಲ್ಲ ನನ್ನ ಕಡೆಗೇ ನೋಡುತ್ತಿತ್ತು. ಯೂಸುಫ್ ಎದ್ದು ಬಂದು ನನ್ನೆದುರು ಮಂಡಿಯೂರಿ ಕೂತ. ಗಡ್ಡವೆಲ್ಲ ಒದ್ದೆಯಾಗಿತ್ತು.

"ಜಾಗ ಸರಿಯಿತ್ತಾ?" ಎಂದು ಕೇಳಿದೆ.

"ನೀನು ಒಂದು ಆಯತ್ ಮುಂದೆ ಹೋಗಿದ್ದೆ" ಎಂದವು ಅವನ ತುಟಿಗಳು. "ನನಗೆ ಮರೆತಿರಲಿಲ್ಲ ಮಾರಾಯ. ಅಳು ಬಂದು ನಿಲ್ಲಿಸಿದ್ದೆ."